ತಿಂಡಿಯ ಜೇಬು

ಹೊಲಿಗೆಯಮ್ಮನಿಗೆ ಈ ಲೋಕದಲ್ಲಿ ಸರಿಕಂಡವರು ಯಾರೂ ಇರಲಿಲ್ಲ. ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವ ಹೆಂಗಸರು ಅವಳ ಲೆಕ್ಕದಲ್ಲಿ ಸುಳ್ಳಿಯರು. ಅದೇ ಹೆಂಗಸರು ಹೊಲಿದ ಬಟ್ಟೆ ಹಿಡಿದುಕೊಂಡು ವಾಪಸು ಬಂದು ಬಿಗಿಯಾಯಿತೆಂದು ಮುಖ ಊದಿಸಿಕೊಂಡರೆ ಸುಳ್ಳಿನ ಜೊತೆಗೆ ದಡ್ಡತನವೂ ಸೇರುತ್ತಿತ್ತು. ಮಗನ ಪ್ಯಾಂಟನ್ನು ಕಾಲೇಜಿಗೂ ಆಗುವಷ್ಟು ಉದ್ದ ಬಿಡಿಸಿಕೊಳ್ಳುವ ಗಂಡಸರು ಜಿಪುಣರು. ಎದುರು ಮಹಡಿಯ ನಿವೃತ್ತ ಗುಮಾಸ್ತ ಬಾಲ್ಕನಿಯಲ್ಲಿ ನಿಂತು ಕೈಕಾಲು ಬೀಸುವುದನ್ನು ಕಂಡರೆ, ಜೀವಮಾನವೆಲ್ಲ ಕುರ್ಚಿ ಬಿಟ್ಟೇಳದವನು ಈಗ ಯಾವ ಕುಸ್ತಿಗೆ ಹೊರಟಿದ್ದಾನೆ ಎಂದು ಗೊಣಗುತ್ತಿದ್ದಳು. ಗೊಣಗುವುದೆಂದರೆ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ, ಮಿಷಿನ್ನಿನ ಚಕ್ರ ತಿರುಗುತ್ತಿರುವಾಗಲೇ. ಹಾಗಾಗಿ ಅವಳ ಮಾತು ಅವಳ ಕಿವಿಯನ್ನು ದಾಟಿ ಆಚೆ ಹೋಗುತ್ತಿರಲಿಲ್ಲ.

ಐವತ್ತು ದಾಟಿದ ಹೆಂಗಸು. ಒಂದು ಮದುವೆಯಾಗಿತ್ತು. ಆ ಗಂಡ ಎನ್ನಿಸಿಕೊಂಡವನು ದಿನವಿಡೀ ಮಲಗಿದ್ದು, ಎದ್ದಾಗ ಸೆಕೆಯಾಗುತ್ತಿದೆ ಎಂದು ಹೇಳಿ ಮತ್ತೆ ಮಲಗುವ ಪೈಕಿ. ಒಂದು ದಿನ ಅವಳು ಹೊಲಿಗೆ ಮಿಷಿನ್ನನ್ನು ಕೈಗಾಡಿಯಲ್ಲಿ ಹೇರಿಕೊಂಡು ತಮ್ಮನ ಮನೆಗೆ ಬಂದಳು. ತಮ್ಮ ಯಾಕೆ ಏನು ಎಂದು ಒಂದು ಮಾತೂ ಕೇಳದೆ ಬೀದಿಗೆ ತೆರೆಯುವ ಮುಂದಿನ ಕೋಣೆಯನ್ನು ಖಾಲಿ ಮಾಡಿಕೊಟ್ಟ. ಆ ಉಪಕಾರವನ್ನು ಅವಳು ಅವನಿಗೆ ಇವತ್ತಿನವರೆಗೂ ಕ್ಷಮಿಸಿರಲಿಲ್ಲ. ಊರಿನವರಿಗೆಲ್ಲ ಹಂಚಿ ಮಿಕ್ಕಿದ ತಾತ್ಸಾರದ ದೊಡ್ಡ ಪಾಲು ಈ ತಮ್ಮನಿಗೇ ಮೀಸಲಾಗಿತ್ತು.

ತಮ್ಮ ಬಸ್ ನಿಲ್ದಾಣದ ಎದುರಿನ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಲೋಹದ ಚೌಕಟ್ಟು ಏರಿಸಿ, ಒಂದೊಂದೇ ಗಾಜು ಬದಲಾಯಿಸುತ್ತ ಇದರಲ್ಲಿ ಚೆನ್ನಾಗಿ ಕಾಣುತ್ತದೋ ಅದರಲ್ಲೋ ಎಂದು ಕೇಳುವುದು ಅವನ ಕೆಲಸ. ಅಂಗಡಿಗೆ ಗತ್ತು ಬರಲೆಂದು ಮಾಲೀಕ ಅವನಿಗೊಂದು ಬಿಳಿ ಕೋಟು ಹಾಕಿಸಿದ. ಆ ಕೋಟು ಹೊಲಿದುಕೊಟ್ಟವಳೂ ಹೊಲಿಗೆಯಮ್ಮನೇ. ತೊಟ್ಟ ವಾರದೊಳಗೆ ಯಾರೋ ಮುದುಕಿ ಅವನನ್ನು 'ಡಾಕ್ಟ್ರೇ' ಎಂದು ಕರೆದಳು. ಅವನು ಅಲ್ಲ ಎನ್ನಲಿಲ್ಲ. ಇನ್ನೊಬ್ಬರು ಕರೆದರು, ಆಗಲೂ ಅಲ್ಲ ಎನ್ನಲಿಲ್ಲ. ಮೂರನೆಯ ತಿಂಗಳಿಗೆ ಕೋಟು ತೊಟ್ಟುಕೊಂಡೇ ಮನೆಗೆ ಬರತೊಡಗಿದ, ತರಕಾರಿ ತರಲು ಹೋಗುವಾಗಲೂ ಬಿಚ್ಚುತ್ತಿರಲಿಲ್ಲ. ಬೀದಿಯವರು ಅವನಿಗೆ ಬಿಳಿ ಕೋಟು ಎಂದೇ ಹೆಸರಿಟ್ಟರು. ಅವನು ಅದನ್ನು ಮರ್ಯಾದೆ ಎಂದುಕೊಂಡ.

ಪರೀಕ್ಷೆ ಹತ್ತಿರವಾದಾಗ ಅಂಗಡಿಗೆ ತಲೆನೋವಿನ ಮಕ್ಕಳು ಬರುತ್ತಾರೆ. ಮಾರ್ಕ್ಸು ಕಡಿಮೆ ಬಂದರೆ ಕಣ್ಣಿನದೇ ತಪ್ಪು ಎಂದು ನಂಬಿದ ತಾಯಿತಂದೆಯರು ಅವರನ್ನು ರೆಟ್ಟೆ ಹಿಡಿದು ಎಳೆದು ತರುತ್ತಾರೆ. ಹೀಗೆ ಬಂದ ಹುಡುಗನೊಬ್ಬನ ಕಣ್ಣಿನಲ್ಲಿ ಏನೂ ದೋಷ ಸಿಗದೆ ಬಿಳಿ ಕೋಟು, ಬೆಳಿಗ್ಗೆ ಏನು ತಿಂದೆ ಎಂದು ಕೇಳಿದ. ಏನೂ ಇಲ್ಲ ಎಂದ ಹುಡುಗ. ಪೆಟ್ರೋಲು ಹಾಕದೆ ಗಾಡಿ ಓಡು ಎಂದರೆ ಓಡುತ್ತದೆಯೇ ಎಂದು ಇವನು ತಾಯಿತಂದೆಯರನ್ನು ಕೇಳಿದ. ಅವರು ಮುಖ ಮುಖ ನೋಡಿಕೊಂಡರು. ಹುಡುಗನಿಗೆ ಮರುದಿನದಿಂದ ಮೊಟ್ಟೆ, ಹಾಲು, ಹಣ್ಣು ಶುರುವಾಯಿತು, ತಲೆನೋವು ನಿಂತಿತು. ಮಾತು ತಪ್ಪಲ್ಲ. ಮಗು ಖಾಲಿ ಹೊಟ್ಟೆಯಲ್ಲಿ ಪರೀಕ್ಷೆಗೆ ಹೋಗಬಾರದು ಎನ್ನುವುದು ಯಾವ ಅಜ್ಜಿಗೂ ಗೊತ್ತಿರುವ ಸಂಗತಿ. ಆದರೆ ಅಜ್ಜಿ ಹೇಳಿದರೆ ಯಾರೂ ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ, ಅಜ್ಜಿಗೆ ಬಿಳಿ ಕೋಟು ಇರುವುದಿಲ್ಲ.

ಸುದ್ದಿ ಹಬ್ಬಿತು. ಅವನ ಮಗಳು ಓದುವ ಶಾಲೆಯ ಹೆಡ್‌ಮಿಸ್ಸು ಆ ಅಂಗಡಿಯಲ್ಲೇ ಕನ್ನಡಕ ಮಾಡಿಸಿಕೊಂಡಿದ್ದಾಕೆ. ಹತ್ತನೇ ತರಗತಿಯ ದೊಡ್ಡ ಪರೀಕ್ಷೆಗೆ ತಿಂಗಳಿರುವಾಗ ಆಕೆ ಅವನನ್ನು ಪೋಷಕರ ಸಭೆಗೆ ಕರೆಸಿ ವೇದಿಕೆಯ ಮೇಲೆ ನಿಲ್ಲಿಸಿದಳು. ಅವನು ಮುಕ್ಕಾಲು ಗಂಟೆ ಮಾತಾಡಿದ. ಅಕ್ರೋಟು ಒಡೆದು ನೋಡಿದರೆ ಮೆದುಳಿನ ಹಾಗೇ ಇರುತ್ತದೆ, ಆದ್ದರಿಂದ ಅದು ಮೆದುಳಿಗೆ ಒಳ್ಳೆಯದು ಎಂದ. ಬಾಳೆಹಣ್ಣು ಯಾವ ಅಂಗದ ಹಾಗಿದೆ ಎಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಬರಲಿಲ್ಲ. 'ಖಾಲಿ ತಟ್ಟೆ, ತುಂಬಿದ ಉತ್ತರಪತ್ರಿಕೆ' ಎಂಬ ತನ್ನದೇ ಘೋಷಣೆಯನ್ನು ಅವರಿಂದ ಹೇಳಿಸಿದ. ದೊಡ್ಡ ದೊಡ್ಡ ಕೆಲಸದಲ್ಲಿರುವ ಗಂಡಸರೂ ಹೆಂಗಸರೂ ಒಂದನೇ ತರಗತಿಯ ಮಕ್ಕಳಂತೆ ಒಕ್ಕೊರಲಿನಲ್ಲಿ ಕೂಗಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಹೊಲಿಗೆಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಪಕ್ಕದಲ್ಲಿದ್ದಾಕೆ, ತಮ್ಮನ ಏಳಿಗೆ ಕಂಡು ಅಕ್ಕನಿಗೆ ಕಣ್ಣೀರೇ ಬಂದಿದೆ ಎಂದು ಬೆನ್ನು ಸವರಿದಳು.

ಅಂದಿನಿಂದ ಪೋಷಕರ ಫೋನ್ ಗುಂಪಿನಲ್ಲಿ ಬೆಳಗಾದರೆ ಬಿಳಿ ಕೋಟಿನ ಎರಡು ಫೋಟೋ. ಒಂದು, ಮಗಳ ತುಂಬಿದ ತಟ್ಟೆ: ಬೇಯಿಸಿದ ಮೊಟ್ಟೆ, ನೆನೆಸಿ ಸಿಪ್ಪೆ ತೆಗೆದ ಬಾದಾಮಿ, ಅಕ್ರೋಟು, ಹೋಳು ಮಾಡಿದ ಬಾಳೆಹಣ್ಣು, ಪಕ್ಕದಲ್ಲಿ ಹಾಲಿನ ಲೋಟ. ಇನ್ನೊಂದು, ಅದೇ ತಟ್ಟೆ ಖಾಲಿಯಾದ ಮೇಲೆ. ಕೆಳಗೆ ಘೋಷಣೆ. ಅದಕ್ಕೆ ಇನ್ನೂರು ಜನ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಆ ಬೆರಳುಗಳನ್ನು ನೋಡದೆ ಅವನು ಅಂಗಡಿಗೆ ಹೊರಡುತ್ತಿರಲಿಲ್ಲ.

ಆ ತಟ್ಟೆಯ ಮುಂದೆ ಕೂರುತ್ತಿದ್ದ ಹುಡುಗಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಅಪ್ಪ ಪುಟ್ಟಿ ಎಂದು ಕರೆಯುತ್ತಿದ್ದ, ಎಲ್ಲರಿಗೂ ಅವಳು ಪುಟ್ಟಿಯೇ. ಸಾಧು ಹುಡುಗಿ, ಓದಿನಲ್ಲಿ ಚುರುಕು, ಮಾತು ಕಡಿಮೆ. ಒಂದೇ ತೊಂದರೆ ಎಂದರೆ ಪರೀಕ್ಷೆಯ ದಿನ ಬೆಳಿಗ್ಗೆ ಅವಳ ಹೊಟ್ಟೆ ಮುಷ್ಟಿ ಬಿಗಿದಂತೆ ಬಿಗಿದುಕೊಳ್ಳುತ್ತಿತ್ತು. ಮೊಟ್ಟೆಯ ವಾಸನೆ ಬಂದರೆ ಸಾಕು, ಬಾಯಲ್ಲಿ ನೀರು ತುಂಬಿಕೊಂಡು ಹೊಟ್ಟೆ ತೊಳಸುತ್ತಿತ್ತು. ಅವಳಮ್ಮನಿಗೆ ಬ್ರೆಡ್ ಫ್ಯಾಕ್ಟರಿಯಲ್ಲಿ ಮುಂಜಾನೆಯ ಪಾಳಿ, ಮಗಳು ಏಳುವ ಮೊದಲೇ ಹೊರಟುಬಿಡುತ್ತಿದ್ದಳು. ಯಾವ ಗಂಡ ತಾನೇ ಹೆಂಡತಿ ಇಲ್ಲದ ಹೊತ್ತಿನಲ್ಲಿ ಮಗುವಿಗೆ ಇಷ್ಟು ಮಾಡಿಹಾಕುತ್ತಾನೆ ಹೇಳಿ ಅತ್ತಿಗೆ ಎನ್ನುವುದು ಅವಳು ಹೊಲಿಗೆಯಮ್ಮನ ಮುಂದೆ ಹೇಳಿಕೊಳ್ಳುವ ಸಮಾಧಾನ. ಪೂರ್ವಸಿದ್ಧತಾ ಪರೀಕ್ಷೆಯ ದಿನ ಪುಟ್ಟಿ ಶಾಲೆಯ ಗೇಟಿನ ಬಳಿ ತಿಂದದ್ದನ್ನೆಲ್ಲ ಕಕ್ಕಿದಳು. ಹೊಟ್ಟೆಗೆ ಶಕ್ತಿ ಸಾಲದು, ಅದಕ್ಕೇ ಹೀಗಾಯಿತು ಎಂದು ಬಿಳಿ ಕೋಟು ತೀರ್ಪು ಕೊಟ್ಟು ಒಂದಿದ್ದ ಮೊಟ್ಟೆಯನ್ನು ಎರಡು ಮಾಡಿದ.

ಕಲೆಯಾದ ಯೂನಿಫಾರ್ಮ್ ಸ್ಕರ್ಟು ಹೊಲಿಗೆಯಮ್ಮನ ಕೈಗೆ ಬಂತು. ಅವಳು ಅದನ್ನು ಒಗೆದು ಒಣಗಿಸಿ ಮಿಷಿನ್ನಿನ ಮೇಲೆ ಹರಡಿಕೊಂಡು ಯೋಚಿಸಿದಳು. ಬೇರೆ ಯಾರಾದರೂ ಆಗಿದ್ದರೆ ಅಡುಗೆಮನೆಗೆ ಹೋಗಿ, ಹುಡುಗಿಗೆ ಇದು ಆಗಿಬರುವುದಿಲ್ಲ, ನಿಲ್ಲಿಸು ಎನ್ನುತ್ತಿದ್ದರೋ ಏನೋ. ಅವಳಿಗೆ ಆ ದಾರಿ ಹೊಳೆಯಲೇ ಇಲ್ಲ. ಆ ಕೋಟಿನ ಮುಂದೆ ಬಾಯಿ ಬಿಟ್ಟರೆ ಅದು ವಾದ ಮಾಡುತ್ತದೆ, ಅಕ್ರೋಟಿನ ಭಾಷಣ ಇನ್ನೊಮ್ಮೆ ಕೇಳಬೇಕಾಗುತ್ತದೆ. ಅದಕ್ಕಿಂತ ಆ ಮೂರ್ಖನಿಗೆ ಗೊತ್ತೇ ಆಗದಂತೆ ಅವನ ಕಣ್ಣಿಗೆ ಮಣ್ಣೆರಚುವುದರಲ್ಲಿ ಸುಖವಿತ್ತು. ಹರಿದ ಮಳೆಕೋಟೊಂದರ ರಬ್ಬರು ಬಟ್ಟೆ ಕತ್ತರಿಸಿ, ಸ್ಕರ್ಟಿನ ನೆರಿಗೆಯೊಳಗೆ ಅಂಗೈ ಇಳಿಯುವಷ್ಟು ಆಳದ ಜೇಬೊಂದನ್ನು ಕೂರಿಸಿದಳು. ಹೊರಗಿನಿಂದ ನೋಡಿದರೆ ನೆರಿಗೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅವಳು ಜನ್ಮದಲ್ಲಿ ಹೊಲಿದ ಜೇಬುಗಳಲ್ಲೆಲ್ಲ ಅದು ಅಚ್ಚುಕಟ್ಟಾದದ್ದು, ಅದನ್ನು ಹೊಗಳಲು ಒಬ್ಬ ಗಿರಾಕಿಯೂ ಇರುವುದಿಲ್ಲವಲ್ಲ ಎಂದು ಅವಳಿಗೆ ಸ್ವಲ್ಪ ಬೇಜಾರೂ ಆಯಿತು.

ಆಮೇಲಿನದು ಸುಲಭ. ಬಿಳಿ ಕೋಟು ತುಂಬಿದ ತಟ್ಟೆಯ ಫೋಟೋ ಹಾಕಿ ಬೆರಳುಗಳು ಏಳುವುದನ್ನು ನೋಡುತ್ತ ಕೂತಿರುವಾಗ ಮೊಟ್ಟೆ, ಬಾದಾಮಿ, ಅಕ್ರೋಟು, ಹಣ್ಣು ಎಲ್ಲ ಜೇಬಿಗೆ ಇಳಿಯುತ್ತಿದ್ದವು. ಮಗಳಿಗೆ ಒಳ್ಳೆಯದಾಗಲೆಂದು ಹೊರಟವನಿಗೆ ಮಗಳ ಕಡೆ ನೋಡಲು ಪುರುಸೊತ್ತಿರಲಿಲ್ಲ. ಹಾಲನ್ನು ಅವಳು ಮೂಗು ಹಿಡಿದು ಹೇಗೋ ಕುಡಿಯುತ್ತಿದ್ದಳು. ಶಾಲೆಯ ದಾರಿಯಲ್ಲಿ ಬಾಗಿಲು ಹಾಕಿದ ಗ್ಯಾರೇಜೊಂದರ ಮುಂದೆ ನಾಯಿಗಳಿದ್ದವು, ಜೇಬು ಅಲ್ಲಿ ಖಾಲಿಯಾಗುತ್ತಿತ್ತು. ಅತ್ತೆ ಬ್ಯಾಗಿನಲ್ಲಿ ಹಾಕಿಕೊಟ್ಟ ಒಣ ಬ್ರೆಡ್ಡನ್ನು ಪುಟ್ಟಿ ನಡೆಯುತ್ತ ನಡೆಯುತ್ತ ಕಡಿದುಕೊಂಡು ಹೋಗುತ್ತಿದ್ದಳು. ಅದು ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ದೊಡ್ಡ ಪರೀಕ್ಷೆಯ ಮೊದಲ ಎರಡು ಪೇಪರು ಹೀಗೇ ಸಲೀಸಾಗಿ ಕಳೆದವು. ಬೀದಿಯ ನಾಯಿಗಳೇನಾದರೂ ಪರೀಕ್ಷೆಗೆ ಕೂತಿದ್ದರೆ ಊರಿಗೇ ಮೊದಲು ಬರುತ್ತಿದ್ದವು ಎಂದು ಹೊಲಿಗೆಯಮ್ಮ ಗುಂಡುಸೂಜಿಗಳ ನಡುವಿನಿಂದ ಹೇಳಿ ತಾನೇ ನಕ್ಕಳು.

ಗಣಿತದ ದಿನ ಬಿಳಿ ಕೋಟಿಗೆ ಹೊಸ ಹುಕಿ ಹತ್ತಿತು. ಗೇಟಿನ ಬಳಿ ಬೇರೆ ತಾಯಿತಂದೆಯರೆಲ್ಲ ಸೇರುತ್ತಾರೆ, ಅವರ ನಡುವೆ ಮಗಳ ಜೊತೆ ನಿಂತು ಒಂದು ಫೋಟೋ ಆಗಬೇಕು. ಅಂಗಡಿಗೆ ತಡವಾಗಿ ಬರುತ್ತೇನೆಂದು ಹೇಳಿ ಮಗಳ ಕೈಹಿಡಿದು ಹೊರಟ. ಗ್ಯಾರೇಜಿನ ಮುಂದೆ ನಾಯಿಗಳು ಬಾಲ ಆಡಿಸಿಕೊಂಡು ಹಿಂದೆ ಬಂದಾಗ ಅವನು ಗದರಿಸಿ ಓಡಿಸಿದ. ಗೇಟಿನ ಬಳಿ ಅವನ ಕೋಟನ್ನು ಕಂಡು ಜನ ಮುತ್ತಿಕೊಂಡರು, ಮಗಳ ಹೆಗಲ ಮೇಲೆ ಕೈಯಿಟ್ಟು ನಾಲ್ಕಾರು ಫೋಟೋ ತೆಗೆಸಿಕೊಂಡ. ಗಂಟೆ ಹೊಡೆಯಿತು. ಪುಟ್ಟಿ ತುಂಬಿದ ಜೇಬಿನ ಸಮೇತ ಪರೀಕ್ಷೆಯ ಕೋಣೆಗೆ ಹೋಗಿ ಕೂತಳು.

ಮಧ್ಯಾಹ್ನಕ್ಕೆ ಇನ್ನೂ ಬಹಳ ಹೊತ್ತಿರುವಾಗ ಶಾಲೆಯ ಜವಾನ ಸೈಕಲ್ಲಿನಲ್ಲಿ ಬಂದು ಮುಂದಿನ ಕೋಣೆಯ ಬಾಗಿಲಲ್ಲಿ ನಿಂತ. ಹುಡುಗಿಯನ್ನು ಹಿಡಿದಿದ್ದಾರೆ, ನಕಲು ಎನ್ನುತ್ತಿದ್ದಾರೆ, ಅಪ್ಪನಿಗೆ ಅಂಗಡಿಗೆ ಫೋನ್ ಮಾಡಿದ್ದಾರೆ, ಮನೆಯಲ್ಲಿ ಯಾರಿದ್ದರೂ ಬರಬೇಕಂತೆ ಎಂದ.  ಹೊಲಿಗೆಯಮ್ಮ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದ ಹಾಗೇ ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಹೆಡ್‌ಮಿಸ್ಸಿನ ಕೋಣೆಯಲ್ಲಿ ಮೇಜಿನ ಮೇಲೆ ಹಾಸಿದ ಹಳೆಯ ಪತ್ರಿಕೆಯಲ್ಲಿ ಜಜ್ಜಿಹೋದ ಎರಡು ಮೊಟ್ಟೆ, ಬಾಳೆಹಣ್ಣು ಮೆತ್ತಿಕೊಂಡ ಬಾದಾಮಿ, ಅಕ್ರೋಟಿನ ಚೂರುಗಳು. ಗೋಡೆಗೆ ಒತ್ತಿಕೊಂಡು ಪುಟ್ಟಿ ನಿಂತಿದ್ದಳು. ಅವಳ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ಪರೀಕ್ಷೆಯ ಕೋಣೆ ಕಾಯಲು ಬೇರೆ ಶಾಲೆಯಿಂದ ಬಂದಿದ್ದ ಮೇಡಂ ಒಬ್ಬಳಿಗೆ ಮೊಟ್ಟೆಯ ವಾಸನೆ ಹತ್ತಿ, ಹುಡುಗಿಯ ಕೈ ಮತ್ತೆ ಮತ್ತೆ ನೆರಿಗೆಯ ಕಡೆ ಹೋಗುವುದನ್ನು ಕಂಡು, ತಡಕಿ ನೋಡಿದ್ದಳು. ಆಕೆಗೆ ತಿಂಡಿ ಮುಖ್ಯವಲ್ಲ, ಜೇಬು ಮುಖ್ಯ. ಪರೀಕ್ಷೆಗೆ ಬರುವ ಹುಡುಗಿಯ ಸ್ಕರ್ಟಿನಲ್ಲಿ ಕಳ್ಳಜೇಬು ಯಾಕಿರಬೇಕು? ಚೀಟಿಗಳನ್ನು ಎಲ್ಲೋ ಎಸೆದಿದ್ದಾಳೆ, ಇದೆಲ್ಲ ಮೇಲೆ ಮುಚ್ಚಲು ತುಂಬಿಕೊಂಡದ್ದು ಎನ್ನುವುದು ಆಕೆಯ ವಾದ. ನಕಲು ಎಂದು ಆಕೆ ಬರೆದುಕೊಟ್ಟರೆ ಪುಟ್ಟಿ ಮಿಕ್ಕ ಯಾವ ಪೇಪರಿಗೂ ಕೂರುವಂತಿರಲಿಲ್ಲ, ಒಂದು ವರ್ಷ ಮಣ್ಣುಪಾಲು.

ಹೊಲಿಗೆಯಮ್ಮ ಏದುಸಿರು ಬಿಡುತ್ತಲೇ, ಆ ಜೇಬು ತಾನು ಹೊಲಿದದ್ದು, ಹುಡುಗಿಗೆ ಪರೀಕ್ಷೆಯ ಬೆಳಿಗ್ಗೆ ತಿನ್ನಲಾಗುವುದಿಲ್ಲ, ತಟ್ಟೆಯಲ್ಲಿದ್ದದ್ದನ್ನು ಅದರಲ್ಲಿ ಹಾಕಿಕೊಂಡು ಬಂದು ನಾಯಿಗೆ ಹಾಕುತ್ತಾಳೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಾಗಾದರೆ ಮನೆಯವರೆಲ್ಲ ಸೇರಿಯೇ ಮಾಡಿದ ಏರ್ಪಾಡು ಎಂದಳು ಬೇರೆ ಶಾಲೆಯ ಮೇಡಂ. ಹೆಡ್‌ಮಿಸ್ಸಿಗೆ ಪುಟ್ಟಿಯ ಮೇಲೆ ಕನಿಕರವಿತ್ತು, ಆದರೆ ನಂಬಿಕೆ ಬರಲಿಲ್ಲ. ಬೇರೆ ಯಾರ ಮಗಳಾದರೂ ತಿಂಡಿ ಬಿಸಾಡಬಹುದು, ಇವಳು ಹೇಗೆ? ದಿನಾ ಖಾಲಿ ತಟ್ಟೆಯನ್ನು ಆಕೆಯೇ ನೋಡುತ್ತಿದ್ದಳು, ಬೆರಳೂ ಎತ್ತುತ್ತಿದ್ದಳು.

"ಅವರಪ್ಪ ಬಂದು ಹೌದು ಅಂತ ಒಂದು ಮಾತು ಹೇಳ್ಲಿ. ಈಗಲೇ ಕಳಿಸಿಬಿಡ್ತೀನಿ, ಬರೀಲಿ ಪಾಪ," ಎಂದಳು.

ಬಿಳಿ ಕೋಟು ಬಂದ. ಗೇಟಿನ ಬಳಿ ಕಾಯುತ್ತಿದ್ದ ತಾಯಿತಂದೆಯರಲ್ಲಿ ಐದಾರು ಜನ ಏನೋ ನಡೆದಿದೆ ಎಂದು ಅವನ ಹಿಂದೆಯೇ ಬಂದು ಬಾಗಿಲಲ್ಲಿ ಕತ್ತು ಚಾಚಿದರು. ಅವನು ಮೇಜಿನ ಮೇಲಿದ್ದದ್ದನ್ನು ನೋಡಿದ, ಮಗಳನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು ಎನ್ನುವುದು ಹೊಲಿಗೆಯಮ್ಮನಿಗೆ ಆ ಕ್ಷಣವೇ ತಿಳಿಯಿತು, ಸಣ್ಣವನಿದ್ದಾಗಿನಿಂದ ನೋಡಿದ ಮುಖ ಅದು. ಸಿಕ್ಕಿಬಿದ್ದಾಗ ಅವನ ಕಿವಿಯ ತುದಿ ಕೆಂಪಾಗುತ್ತದೆ. ಈಗಲೂ ಆಯಿತು. ಡಾಕ್ಟ್ರೇ, ನಿಮ್ಮ ಮಗಳು ಬೆಳಿಗ್ಗೆ ತಿಂಡಿ ತಿನ್ನುತ್ತಾಳೋ ಇಲ್ಲವೋ ಎಂದು ಹೆಡ್‌ಮಿಸ್ಸು ಕೇಳಿದಳು. ಇಲ್ಲ ಎಂದರೆ ಮುಗಿಯುತ್ತಿತ್ತು. ಅವನು ಬಾಗಿಲ ಕಡೆ ತಿರುಗಿ, ಅಲ್ಲಿ ತುಂಬಿಕೊಂಡಿದ್ದ ಮುಖಗಳನ್ನು ನೋಡಿದ. ಕೋಟಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟ.

"ನನ್ನ ಮಗಳು ತಟ್ಟೇಲಿ ಒಂದು ಚೂರೂ ಬಿಡಲ್ಲ. ನೀವೇ ನೋಡಿ, ದಿನಾದ್ದೂ ಇದೆ."

ಬೇರೆ ಶಾಲೆಯ ಮೇಡಂ ಪೆನ್ನಿನ ಮುಚ್ಚಳ ತೆಗೆದಳು. ಹೊಲಿಗೆಯಮ್ಮ ಈ ತಮ್ಮನಿಂದ ಏನೇನು ಅಲ್ಪತನ ನಿರೀಕ್ಷಿಸಬಹುದೋ ಎಲ್ಲವನ್ನೂ ನಿರೀಕ್ಷಿಸಿದ್ದವಳು, ಇಷ್ಟನ್ನು ನಿರೀಕ್ಷಿಸಿರಲಿಲ್ಲ. ಇನ್ನೂರು ಹೆಬ್ಬೆರಳುಗಳಿಗಾಗಿ ಹೆತ್ತ ಮಗಳನ್ನು ಕಳ್ಳಿ ಮಾಡಲು ಹೊರಟಿದ್ದ. ನಿನ್ನ ಮಗಳ ಒಂದು ವರ್ಷ ಹೋಗುತ್ತದೆ, ಗೊತ್ತಿದೆಯಾ ಎಂದು ಅವಳು ಕೇಳಿದಳು. ಅವನು ಅಕ್ಕನ ಮುಖ ನೋಡದೆಯೇ, ತಾನು ಕಣ್ಣಾರೆ ನೋಡಿದ್ದೇನೆ, ತಿನ್ನುತ್ತಾಳೆ ಎಂದ. ಇದ್ದ ಜಾಗದಿಂದ ಹಿಂದೆ ಸರಿಯಲಾರದವನು ಇನ್ನೂ ಒಂದು ಹೆಜ್ಜೆ ಮುಂದೆಯೇ ಇಟ್ಟ. ಹೆಗಲ ಚೀಲದಿಂದ ತನ್ನ ಮಧ್ಯಾಹ್ನದ ಊಟದ ಡಬ್ಬಿ ತೆಗೆದು, ಅದರೊಳಗಿನ ಬೇಯಿಸಿದ ಮೊಟ್ಟೆಯನ್ನು ಮಗಳ ಮುಂದೆ ಹಿಡಿದ. ಬೇಕಾದರೆ ಇಲ್ಲೇ ಎಲ್ಲರ ಎದುರಿಗೆ ತಿಂದು ತೋರಿಸುತ್ತಾಳೆ ಎಂದ.

"ತಿನ್ನು ಪುಟ್ಟಿ. ಹೆದರ್ಕೋಬೇಡ."

ಮೊಟ್ಟೆ ತಿಂದು ತೋರಿಸಿದರೆ ತಾನು ನಕಲು ಮಾಡಿದೆ ಎಂದೇ ಆಗುತ್ತದೆ ಎನ್ನುವುದು ಆ ಕೋಣೆಯಲ್ಲಿ ಪುಟ್ಟಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಮೊಟ್ಟೆಯನ್ನು ಕೈಗೆ ತೆಗೆದುಕೊಂಡು ಅತ್ತೆಯ ಮುಖ ನೋಡಿದಳು. ಹೊಲಿಗೆಯಮ್ಮ ಬೇಡ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಮುಂದೇನಾಗುತ್ತದೆ ಎನ್ನುವುದು ಅವಳಿಗೆ ಹೊಳೆಯಿತು. ಇಷ್ಟು ವರ್ಷ ಮಿಷಿನ್ನಿನ ಸದ್ದಿನಲ್ಲಿ ಗೊಣಗಿದ್ದೆಲ್ಲ ಈಗ, ಇಷ್ಟು ಜನರ ಎದುರಿನಲ್ಲಿ, ತಾನು ಬಾಯಿ ಬಿಡದೆಯೇ ಸಾಬೀತಾಗುತ್ತದೆ. ಆ ಆಸೆಗೆ ಅವಳು ತುಟಿ ಪಿಟಕ್ಕೆನ್ನದೆ ನಿಂತಳು.

ಪುಟ್ಟಿ ಮೊಟ್ಟೆ ಕಚ್ಚಿದಳು, ಅಗಿದಳು, ನುಂಗಿದಳು. ಇನ್ನೊಂದು ತುತ್ತು ಕಚ್ಚಿದಳು. ಅವಳ ಕಣ್ಣಿನಲ್ಲಿ ನೀರು ತುಂಬಿತು, ಹೆಗಲು ನಡುಗಿತು. ಬಾಯಿಗೆ ಕೈ ಅಡ್ಡ ಹಿಡಿದರೂ ತಡೆಯಲಾಗದೆ, ಬೆಳಗಿನ ಹಾಲೂ ಮೊಟ್ಟೆಯೂ ಸೇರಿ ಎಲ್ಲವೂ ಅಪ್ಪನ ಬಿಳಿ ಕೋಟಿನ ಮೇಲೆ ಬಂತು. ಬಾಗಿಲಲ್ಲಿದ್ದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಹುಡುಗಿ ಬಗ್ಗಿಕೊಂಡೇ ಇದ್ದಳು, ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ಅದು ಹಿಂಡುವುದನ್ನು ನಿಲ್ಲಿಸಲಿಲ್ಲ. ಬೇರೆ ಶಾಲೆಯ ಮೇಡಂ ಪೆನ್ನು ಮುಚ್ಚಿಟ್ಟು ಒಂದು ಲೋಟ ನೀರು ತಂದಳು. ಆಕೆಗೂ ಮಕ್ಕಳಿದ್ದಿರಬೇಕು. ಹೆಡ್‌ಮಿಸ್ಸು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಬಿಳಿ ಕೋಟಿನ ಕಡೆ ನೋಡದೆ, ಹುಡುಗಿಗೆ ಉತ್ತರಪತ್ರಿಕೆ ವಾಪಸು ಕೊಡಿ ಎಂದಳು.

ಕಳೆದುಹೋದ ಹೊತ್ತನ್ನು ಮಾತ್ರ ಯಾರೂ ವಾಪಸು ಕೊಡುವಂತಿರಲಿಲ್ಲ, ನಿಯಮದಲ್ಲಿ ಅದಕ್ಕೆ ಜಾಗವಿಲ್ಲವಂತೆ. ಪುಟ್ಟಿ ಮುಖ ತೊಳೆದುಕೊಂಡು, ಪೆನ್ನು ಹಿಡಿದು ಮತ್ತೆ ಕೋಣೆಗೆ ಹೋದಳು. ಬಿಳಿ ಕೋಟು ತನ್ನ ಕೋಟು ಬಿಚ್ಚಿ, ಗಂಟು ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡು ಹಿಂಬಾಗಿಲಿನಿಂದ ಹೊರಟುಹೋದ. ಕೋಟಿಲ್ಲದೆ ಅವನು ಎಷ್ಟು ಸಣಕಲಾಗಿದ್ದಾನೆ ಎಂದು ಹೊಲಿಗೆಯಮ್ಮನಿಗೆ ಅನ್ನಿಸಿತು. ಆದರೂ ಗಂಟೆ ಕಳೆಯುವಷ್ಟರಲ್ಲಿ ಪೋಷಕರ ಗುಂಪಿನಲ್ಲಿ ಅವನ ಸಂದೇಶ ಬಂದೇ ಬಂತು: ಪರೀಕ್ಷೆಯ ಕಾಲದಲ್ಲಿ ಮೊಟ್ಟೆ ಕೊಳ್ಳುವಾಗ ನೀರಿನಲ್ಲಿ ಮುಳುಗಿಸಿ ತಾಜಾ ಇದೆಯೇ ನೋಡಿ, ಹಳೆಯ ಮೊಟ್ಟೆಯಿಂದ ಮಕ್ಕಳ ಆರೋಗ್ಯ ಕೆಡುತ್ತದೆ, ಇದು ಸ್ವಂತ ಅನುಭವ. ಅದಕ್ಕೂ ಬೆರಳುಗಳು ಎದ್ದವು. ಗೇಟಿನ ಬಳಿ ಕಾಯುತ್ತ ನಿಂತಿದ್ದ ಹೊಲಿಗೆಯಮ್ಮನಿಗೆ ಯಾರೋ ಅದನ್ನು ಓದಿ ಹೇಳಿದರು, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೆದ್ದವರ ನಗು ಅದು. ಹುಡುಗಿಯನ್ನು ಉಳಿಸಿಕೊಂಡೆ, ತಮ್ಮನ ಬಂಡವಾಳ ಬಯಲಾಯಿತು, ಒಂದೇ ಏಟಿಗೆ ಎರಡೂ ಆಯಿತು ಎಂದು ಅವಳಿಗೆ ಹಿಗ್ಗು.

ಪರೀಕ್ಷೆ ಮುಗಿದು ಪುಟ್ಟಿ ಹೊರಗೆ ಬಂದಳು. ಕೊನೆಯ ಎರಡು ಲೆಕ್ಕಗಳಿಗೆ ಹೊತ್ತು ಸಾಲಲಿಲ್ಲ, ಎರಡೂ ಬರುತ್ತಿದ್ದವೇ ಎಂದಳು. ಹೊಲಿಗೆಯಮ್ಮ ಅವಳ ಬ್ಯಾಗು ತೆಗೆದುಕೊಂಡು, ಹೋಗಲಿ ಬಿಡು, ಅಪ್ಪನ ಮುಖ ನೋಡಿದೆಯಾ, ಕೋಟಿನ ಗತಿ ನೋಡಿದೆಯಾ ಎಂದು ಸಂಭ್ರಮದಿಂದ ಶುರುಮಾಡಿದಳು. ಪುಟ್ಟಿ ನಗಲಿಲ್ಲ. ಗ್ಯಾರೇಜಿನ ಮುಂದೆ ಬಂದು ನಿಂತಳು. ನಾಯಿಗಳು ಬಂದು ಅವಳ ಸ್ಕರ್ಟು ಮೂಸಿದವು.

"ನಾನು ನಿನ್ನ ಮುಖ ನೋಡಿದೆ ಅತ್ತೆ. ನೀನು ಬೇಡ ಅನ್ನಲಿಲ್ಲ."

ಅನ್ನದೆ ಇದ್ದದ್ದರಿಂದಲೇ ನೀನು ಉಳಿದುಕೊಂಡದ್ದು ಎಂದು ಹೊಲಿಗೆಯಮ್ಮ ಸಮಜಾಯಿಷಿ ಕೊಟ್ಟಳು. ಪುಟ್ಟಿ ಅದನ್ನು ಅಲ್ಲಗಳೆಯಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, ಸಿಟ್ಟಿಲ್ಲದೆ, ಬರೀ ಸುಸ್ತಾದ ದನಿಯಲ್ಲಿ ಮತ್ತೊಂದು ಮಾತು ಹೇಳಿದಳು.

"ಜೇಬು ಹೊಲಿಯೋ ಬದಲು ಅಪ್ಪಂಗೆ ಒಂದು ಮಾತು ಹೇಳಬಹುದಿತ್ತಲ್ಲ? ನಂಗೆ ಹೆದರಿಕೆ. ನೀನು ದೊಡ್ಡವಳು."

ಹೊಲಿಗೆಯಮ್ಮ ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ ಹೆಜ್ಜೆ ಜೋರು ಮಾಡಿದಳು. ಅಂದು ಮಿಷಿನ್ನಿನ ಮುಂದೆ ಕೂತರೂ ಹೊಲಿಗೆ ಸಾಗಲಿಲ್ಲ. ಯಾಕೆ ಹೇಳಲಿಲ್ಲ ಎಂದು ತನ್ನನ್ನೇ ಕೇಳಿಕೊಂಡಳು. ತಮ್ಮ ಮನೆಯಿಂದ ಹೊರಗೆ ಹಾಕುತ್ತಾನೆ ಎಂಬ ಭಯವೇ? ಅಲ್ಲ, ಅವನು ಅಂಥವನಲ್ಲ. ನಿಜ ಹೇಳಬೇಕೆಂದರೆ ಅವನು ಮೂರ್ಖನಾಗಿಯೇ ಇರುವುದು ಅವಳಿಗೆ ಬೇಕಾಗಿತ್ತು. ಹೇಳಿದ್ದರೆ ಎಲ್ಲಿ ಕೇಳಿಬಿಡುತ್ತಾನೋ, ಆಮೇಲೆ ಯಾರನ್ನು ನೋಡಿ ಮೂಗು ಮುರಿಯುವುದು? ತಮ್ಮ ಹೆಬ್ಬೆರಳುಗಳಿಗಾಗಿ ಮಗಳ ಬಾಯಿಗೆ ಮೊಟ್ಟೆ ತುರುಕಿದ. ತಾನು ಅದಕ್ಕಿಂತ ಅಗ್ಗದ ಸುಖಕ್ಕಾಗಿ ಅದನ್ನು ತುರುಕಲು ಬಿಟ್ಟಿದ್ದಳು. ಜನ್ಮವಿಡೀ ಬೇರೆಯವರಿಗೆ ಹಂಚಿದ ತಾತ್ಸಾರ ಮೊದಲ ಸಲ ಅವಳ ಕಡೆಗೇ ತಿರುಗಿ ನೋಡಿತು. ಅದರ ದೃಷ್ಟಿ ಚೆನ್ನಾಗಿಯೇ ಇತ್ತು, ಯಾವ ಕನ್ನಡಕವೂ ಬೇಕಿರಲಿಲ್ಲ.

ಮುಂದಿನ ಪೇಪರಿನ ದಿನ ಬೆಳಿಗ್ಗೆ ಬಿಳಿ ಕೋಟು, ಏನೂ ಆಗಿಯೇ ಇಲ್ಲ ಎಂಬಂತೆ, ಒಗೆದು ಇಸ್ತ್ರಿ ಮಾಡಿದ ಕೋಟು ತೊಟ್ಟುಕೊಂಡು ತಟ್ಟೆ ತುಂಬಿಸಿ ತಂದಿಟ್ಟ. ಪುಟ್ಟಿ ತಲೆ ತಗ್ಗಿಸಿ ಕೂತಳು. ಅವನು ಫೋನು ಎತ್ತಿ ಹಿಡಿಯುವಷ್ಟರಲ್ಲಿ ಹೊಲಿಗೆಯಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಡಬ್ಬಿಗೆ ಉಗುಳಿ, ಒಳಗೆ ಬಂದು, ಮಗುವಿನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡಳು.  ಭಾಷಣಕ್ಕೂ ಜಗಳಕ್ಕೂ ಅವಳು ತಯಾರಾಗಿಯೇ ಬಂದಿದ್ದಳು.

"ಇವಳಿಗೆ ಪರೀಕ್ಷೆ ದಿನ ಇದು ಆಗಲ್ಲ ಕಣೋ. ಒಣ ಬ್ರೆಡ್ ತಿಂತಾಳೆ, ಸಾಕು. ಇನ್ಮೇಲೆ ಕೊಡಬೇಡ."

ಅವನು ಅಕ್ಕನನ್ನು ನೋಡಿದ. ಮನೆಯೊಳಗೆ ಅವಳು ಅವನಿಗೆ ನೇರವಾಗಿ ಏನಾದರೂ ಹೇಳಿ ಎಷ್ಟೋ ವರ್ಷಗಳಾಗಿದ್ದವು. ಕಿವಿಯ ತುದಿ ಕೆಂಪಾಯಿತು. ಫೋನನ್ನು ಜೇಬಿಗಿಟ್ಟುಕೊಂಡ.

"ಸರಿ ಅಕ್ಕ," ಎಂದ. "ಮೊದ್ಲೇ ಹೇಳೋದಲ್ವಾ?"

ಹೇಳಿ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಹೋದ. ಅಷ್ಟೇ. ಹೊಲಿಗೆಯಮ್ಮ ತುಂಬಿದ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ನಡುವೆ ನಿಂತಿದ್ದಳು. ಪುಟ್ಟಿ ಬ್ರೆಡ್ಡಿನ ತುಂಡನ್ನು ಮೆಲ್ಲಗೆ ಅಗಿದು ನುಂಗಿ, ಬ್ಯಾಗು ಹೆಗಲಿಗೇರಿಸಿ, ಹೋಗಿ ಬರುತ್ತೇನೆ ಅತ್ತೆ ಎಂದಳು. ಹೊಲಿಗೆಯಮ್ಮನಿಗೆ ತಲೆಯೆತ್ತಿ ಅವಳ ಮುಖ ನೋಡಲಾಗಲಿಲ್ಲ.